ಕಾಣದ ವಸ್ತುವಿನ ಜಮಾ-ಖರ್ಚು: ವಿ404 ಸಿಗ್ನಿಯ ಬೆಳಕನ್ನು ಓದುವುದು ಹೇಗೆ?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)



ವಾಣಿಜ್ಯ ವಿಭಾಗದವರು ಈ ಪತ್ರಿಕೆಗೆ ಲೇಖನ ಕೊಟ್ಟರೆ ಅದು ಜಿಎಸ್‌ಟಿ, ಬ್ಯಾಂಕಿಂಗ್ ಅಥವಾ ಯುಪಿಐ ಬಗ್ಗೆ ಇರುವುದು ವಾಡಿಕೆ. ಈ ಸಲ ನಾನು ಒಂದು ನಕ್ಷತ್ರದ ಬಗ್ಗೆ ಬರೆಯುತ್ತಿದ್ದೇನೆ. ಇದು ಸೈನ್ಸ್ ವಿಭಾಗದವರ ಕೆಲಸ ಅಲ್ಲವೇ ಎಂದು ಕೆಲವರು ಕೇಳಬಹುದು. ಆದರೆ ಈ ವಿಷಯ ಓದುತ್ತಾ ಹೋದಂತೆ ನನಗೆ ಇದರಲ್ಲಿ ನಮ್ಮ ಅಕೌಂಟೆನ್ಸಿ ಪಾಠವೇ ಕಂಡಿತು. ಸರಕು ಎಷ್ಟು ಬಂತು, ಎಷ್ಟು ಖರ್ಚಾಯಿತು, ಉಳಿದದ್ದು ಎಲ್ಲಿ ಹೋಯಿತು, ಅದಕ್ಕೆ ವೋಚರ್ ಎಲ್ಲಿ? ಖಗೋಳ ವಿಜ್ಞಾನಿಗಳೂ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವರ ವೋಚರ್ ಕಾಗದದ್ದಲ್ಲ, ಬೆಳಕಿನದು.

ಕಪ್ಪುಕುಳಿ ಎಂದ ಕೂಡಲೇ ನಮ್ಮ ಮೊಬೈಲಿಗೆ ಬರುವ ವಿಡಿಯೋಗಳು ನೆನಪಾಗುತ್ತವೆ. ಅದು ಸಿಕ್ಕಿದ್ದನ್ನೆಲ್ಲ ನುಂಗುತ್ತದೆ, ಒಂದು ದಿನ ಭೂಮಿಯನ್ನೂ ನುಂಗುತ್ತದೆ ಎನ್ನುತ್ತಾರೆ. ನಿಜವಾಗಿ ಅದು ಎಷ್ಟು ನುಂಗುತ್ತದೆ? ಇದನ್ನು ಊಹೆಯಿಂದ ಹೇಳಬೇಕಾಗಿಲ್ಲ, ಲೆಕ್ಕ ಹಾಕಿಯೇ ಹೇಳಬಹುದು. 2015ರಲ್ಲಿ ಭುಗಿಲೆದ್ದ ವಿ404 ಸಿಗ್ನಿ ಎಂಬ ಜೋಡಿ ನಕ್ಷತ್ರವನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

1. ಜೂನ್ 15, 2015

ಆ ದಿನ ನಾಸಾದ ಸ್ವಿಫ್ಟ್ ಎಂಬ ಉಪಗ್ರಹ ಆಕಾಶದ ಒಂದು ಜಾಗದಿಂದ ಇದ್ದಕ್ಕಿದ್ದಂತೆ ಎಕ್ಸ್-ರೇ ಬರುತ್ತಿರುವುದನ್ನು ಗುರುತಿಸಿತು. ನಮ್ಮ ಗಡಿಯಾರದಲ್ಲಿ ಆಗ ನಡುರಾತ್ರಿ 12 ಗಂಟೆ ದಾಟಿತ್ತು. ಆ ಜಾಗದಲ್ಲಿ ಇದ್ದದ್ದೇ ವಿ404 ಸಿಗ್ನಿ. ಅದು ಆಗ 26 ವರ್ಷಗಳಿಂದ ಸುಮ್ಮನಿತ್ತು. ಅದಕ್ಕೆ ಹಿಂದೆ 1989ರ ಮೇ ತಿಂಗಳಲ್ಲಿ ಜಪಾನಿನ ಗಿಂಗಾ ಉಪಗ್ರಹ ಅದರ ಎಕ್ಸ್-ರೇ ಭುಗಿಲನ್ನು ನೋಡಿತ್ತು. ಅದಕ್ಕೂ ಹಿಂದೆ 1938ರಲ್ಲಿ ಅದು ಬೆಳಗಿದಾಗ ಎಕ್ಸ್-ರೇ ಉಪಗ್ರಹಗಳೇ ಇರಲಿಲ್ಲ. ಹಾಗಾಗಿ ಅದನ್ನು 'ನೋವಾ', ಅಂದರೆ ಹೊಸ ತಾರೆ, ಎಂದು ಬರೆದಿಟ್ಟಿದ್ದರು.

2015ರ ಭುಗಿಲು ಸಾಮಾನ್ಯದ್ದಾಗಿರಲಿಲ್ಲ. ಎಕ್ಸ್-ರೇ ಆಕಾಶದಲ್ಲಿ ಕ್ರ್ಯಾಬ್ ನೀಹಾರಿಕೆ ಬಹಳ ಪ್ರಕಾಶಮಾನವಾದದ್ದು. ಕೆಲವು ಕ್ಷಣಗಳಲ್ಲಿ ವಿ404 ಅದಕ್ಕಿಂತ ಸುಮಾರು 50 ಪಟ್ಟು ಬೆಳಗಿತು. ಕಣ್ಣಿಗೆ ಕಾಣುವ ಬೆಳಕಿನಲ್ಲೂ ಅದು ನೂರಾರು ಪಟ್ಟು ಹೆಚ್ಚಿತು. ಮಾಮೂಲಿ ದಿನಗಳಲ್ಲಿ ದೊಡ್ಡ ದೂರದರ್ಶಕಕ್ಕೆ ಮಾತ್ರ ಸಿಗುವ ಈ ತಾರೆ ಆಗ ಹವ್ಯಾಸಿಗಳ 20 ಸೆಂಟಿಮೀಟರ್ ದೂರದರ್ಶಕಕ್ಕೂ ಸಿಕ್ಕಿತು. ಎರಡು ವಾರಗಳಾಗುವಷ್ಟರಲ್ಲಿ ಆ ಅಬ್ಬರವೆಲ್ಲ ಇಳಿದುಹೋಯಿತು. ಇಷ್ಟು ದೊಡ್ಡ ಬೆಂಕಿ ಇಷ್ಟು ಬೇಗ ಯಾಕೆ ಆರಿತು? ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಉತ್ತರ ಸಿಗುತ್ತದೆ.

2. ಅದು ಎಲ್ಲಿದೆ?

ಸಿಗ್ನಸ್ ಎಂದರೆ ಹಂಸ. ಗ್ರೀಕರಿಗೆ ಹಂಸದಂತೆ ಕಂಡ ಈ ತಾರಾಪುಂಜ ಅರಬ್ಬರಿಗೆ ಕೋಳಿಯಾಗಿತ್ತು. ಅವರು ಇದನ್ನು ದಜಾಜ ಎಂದರು. ಇದರ ಪ್ರಕಾಶಮಾನ ತಾರೆ ಡೆನೆಬ್. ಆ ಹೆಸರು ಬಂದದ್ದು ಅರಬ್ಬಿಯ 'ದನಬ್' ಎಂಬ ಪದದಿಂದ, ಅಂದರೆ ಬಾಲ. ನಡುವಿನ ತಾರೆ ಸದರ್. ನಮ್ಮ ಮನೆಯ ಉರ್ದುವಿನಲ್ಲಿ ಸದರ್ ಎಂದರೆ ಸಭೆಯ ಅಧ್ಯಕ್ಷರು. ಅರಬ್ಬಿಯಲ್ಲಿ ಅದರ ಮೂಲ ಅರ್ಥ ಎದೆ. ರೆಕ್ಕೆಯ ಮೇಲಿನ ತಾರೆ ಅಲ್‌ಜನಾಹ್, ಅಂದರೆ ರೆಕ್ಕೆ. ಈ ಅಲ್‌ಜನಾಹ್‌ನಿಂದ ಪಶ್ಚಿಮಕ್ಕೆ ಐದು ಡಿಗ್ರಿಯೊಳಗೆ ವಿ404 ಇದೆ. ಸಿಗ್ನಸ್‌ನಲ್ಲಿ ಬೆಳಕು ಹೆಚ್ಚು ಕಡಿಮೆಯಾಗುವ ತಾರೆಗಳಿಗೆ ಕ್ರಮವಾಗಿ ಹೆಸರು ಕೊಡುತ್ತಾ ಬಂದಾಗ ಇದು 404ನೆಯದು.

ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ರಾತ್ರಿ 8 ಗಂಟೆಗೆ ಮೋಡ ಇಲ್ಲದಿದ್ದರೆ ಉತ್ತರದ ಕಡೆ ಮುಖ ಮಾಡಿ ತಲೆ ಎತ್ತಿ ನೋಡಿ. ಡೆನೆಬ್, ಸದರ್, ಅಲ್‌ಜನಾಹ್ ಮೂರೂ ಬರಿಗಣ್ಣಿಗೆ ಕಾಣುತ್ತವೆ. ವಿ404 ಕಾಣುವುದಿಲ್ಲ. ಅದರ ದೂರ ಸುಮಾರು 7,800 ಜ್ಯೋತಿರ್ವರ್ಷ. 2015ರಲ್ಲಿ ಸ್ವಿಫ್ಟ್ ನೋಡಿದ ಆ ಭುಗಿಲು ನಿಜವಾಗಿ ನಡೆದದ್ದು ಸುಮಾರು 7,800 ವರ್ಷಗಳ ಹಿಂದೆ.

3. ಜೋಡಿಯಲ್ಲಿ ಯಾರು ಯಾರು?

ವಿ404ರಲ್ಲಿ ಒಂದು ಸಾಧಾರಣ ನಕ್ಷತ್ರ ಇದೆ. ಅದು ಸೂರ್ಯನಿಗಿಂತ ತಂಪು, ಸೂರ್ಯನಿಗಿಂತ ಹಗುರ, ಆದರೆ ಗಾತ್ರದಲ್ಲಿ ಉಬ್ಬಿದೆ. ಅದರ ಜೊತೆಗೆ ಕಣ್ಣಿಗೆ ಕಾಣದ ಒಂದು ಭಾರವಾದ ವಸ್ತು ಇದೆ. ಇವೆರಡೂ ಸುಮಾರು ಆರೂವರೆ ದಿನಕ್ಕೆ ಒಮ್ಮೆ ಒಂದನ್ನೊಂದು ಸುತ್ತುತ್ತವೆ. ಕಾಣದ ವಸ್ತುವಿನ ಸೆಳೆತಕ್ಕೆ ಸಿಕ್ಕಿ ಉಬ್ಬಿದ ನಕ್ಷತ್ರದ ಹೊರ ಅನಿಲ ಆ ಕಡೆಗೆ ಸೋರುತ್ತದೆ.

ಸೋರಿದ ಅನಿಲ ನೇರವಾಗಿ ಒಳಗೆ ಬೀಳುವುದಿಲ್ಲ. ಬಚ್ಚಲಿನ ನೀರು ತೂತಿನ ಸುತ್ತ ಸುತ್ತಿ ಸುತ್ತಿ ಇಳಿಯುವಂತೆ ಅದೂ ಸುತ್ತುತ್ತಾ ಒಂದು ಅಗಲವಾದ ತಟ್ಟೆಯಾಗುತ್ತದೆ. ಇದನ್ನು ಸಂಚಯನ ತಟ್ಟೆ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಇದು ಗೋಡೌನ್. ವರ್ಷಗಟ್ಟಲೆ ಸರಕು ಬರುತ್ತದೆ, ತುಂಬುತ್ತದೆ, ಹೊರಗೆ ಹೋಗುವುದು ತೀರಾ ಕಡಿಮೆ.

ಗೋಡೌನ್ ತುಂಬುತ್ತಾ ಹೋದಂತೆ ಅನಿಲ ಬಿಸಿಯಾಗುತ್ತದೆ. ಸಾವಿರಾರು ಡಿಗ್ರಿಯ ಒಂದು ಹಂತ ದಾಟಿದಾಗ ಹೈಡ್ರೋಜನ್ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಬಿಡಿಸಿಕೊಳ್ಳುತ್ತವೆ. ಆಗ ತಟ್ಟೆಯೊಳಗಿನ ತಿಕ್ಕಾಟ ಜಾಸ್ತಿಯಾಗಿ ಅನಿಲ ಒಮ್ಮೆಗೇ ಒಳಕ್ಕೆ ಜಾರತೊಡಗುತ್ತದೆ. ಒಳಗಿನ ಭಾಗ ಲಕ್ಷಾಂತರ ಡಿಗ್ರಿ ಕಾಯ್ದು ಎಕ್ಸ್-ರೇ ಸೂಸುತ್ತದೆ. ಇದೇ ಭುಗಿಲು. ದಾಸ್ತಾನು ಕರಗಿದ ಮೇಲೆ ಮತ್ತೆ ಮೌನ, ಮತ್ತೆ ಹಲವು ವರ್ಷಗಳ ಶೇಖರಣೆ.

4. ಎಕ್ಸ್-ರೇ ಇರುವಾಗ ಮಾಮೂಲಿ ಬೆಳಕು ಯಾಕೆ ಬೇಕು?

ಎಕ್ಸ್-ರೇ ನಮ್ಮ ವಾತಾವರಣವನ್ನು ದಾಟಿ ಕೆಳಗೆ ಬರುವುದಿಲ್ಲ. ಅದನ್ನು ನೋಡಲು ಉಪಗ್ರಹವೇ ಬೇಕು. ಕಣ್ಣಿಗೆ ಕಾಣುವ ಬೆಳಕು ಮಾತ್ರ ನೆಲದವರೆಗೂ ಬರುತ್ತದೆ. ಅದನ್ನು ಹಿಡಿಯಲು ನೆಲದ ಮೇಲೆ ಬಹಳ ದೊಡ್ಡ ಕನ್ನಡಿಗಳನ್ನು ಕಟ್ಟಬಹುದು.

ಇನ್ನೊಂದು ಕಾರಣವೂ ಇದೆ. ಎಕ್ಸ್-ರೇ ಹೆಚ್ಚಾಗಿ ಬರುವುದು ತಟ್ಟೆಯ ಒಳತುದಿಯಿಂದ, ಅಂದರೆ ಕಪ್ಪುಕುಳಿಯ ಬಾಗಿಲಿನಿಂದ. ಮಾಮೂಲಿ ಬೆಳಕು ಬರುವುದು ತಟ್ಟೆಯ ಹೊರಭಾಗದಿಂದ ಮತ್ತು ಜೊತೆಗಾರ ನಕ್ಷತ್ರದಿಂದ. ಎಕ್ಸ್-ರೇ ಗಲ್ಲಾಪೆಟ್ಟಿಗೆಯ ಸದ್ದು ಎಂದುಕೊಂಡರೆ ಮಾಮೂಲಿ ಬೆಳಕು ಗೋಡೌನಿನ ಸ್ಟಾಕ್ ಪುಸ್ತಕ. ಎರಡೂ ಇದ್ದರೆ ಮಾತ್ರ ಲೆಕ್ಕ ತಾಳೆಯಾಗುತ್ತದೆ.

5. ಗೆರೆಗಳ ಲಿಪಿ

ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದಾಗ ಸಿಗುವ ಪಟ್ಟಿಯೇ ರೋಹಿತ. ಮನೆಯಲ್ಲಿ ಹಳೆಯ ಸಿ.ಡಿ. ಇದ್ದರೆ ಅದರ ಹೊಳೆಯುವ ಬದಿಯನ್ನು ಓರೆಯಾಗಿ ಹಿಡಿದು ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಹಸಿರು, ಕೆಂಪು ಪಟ್ಟಿಗಳು ಬೇರೆ ಬೇರೆಯಾಗಿ ಕಾಣುತ್ತವೆ. ಹಳೆಯ ತಂತಿ ಬಲ್ಬಿನಲ್ಲಿ ಎಲ್ಲ ಬಣ್ಣ ಒಂದಕ್ಕೊಂದು ಸೇರಿ ಹರಡುತ್ತವೆ. ಸೂರ್ಯನನ್ನು ಮಾತ್ರ ಹೀಗೆ ನೋಡಬೇಡಿ.

ನಿಯಮಗಳು ಮೂರೇ:

• ಕಾಯ್ದ, ದಟ್ಟವಾದ ವಸ್ತು ಎಲ್ಲ ಬಣ್ಣಗಳ ಅಖಂಡ ಪಟ್ಟಿ ಕೊಡುತ್ತದೆ.
• ಬಿಸಿಯಾದ ತೆಳು ಅನಿಲ ಕೆಲವೇ ಬಣ್ಣಗಳಲ್ಲಿ ಹೊಳೆಯುವ ಗೆರೆ ಕೊಡುತ್ತದೆ.
• ಹಿಂದೆ ಕಾಯ್ದ ವಸ್ತು, ಮುಂದೆ ತಂಪು ಅನಿಲ ಇದ್ದರೆ ಅನಿಲ ತನ್ನ ಬಣ್ಣವನ್ನು ಹೀರಿಕೊಂಡು ಕಪ್ಪು ಗೆರೆ ಬಿಡುತ್ತದೆ.

ಎರಡನೆಯ ನಿಯಮವನ್ನು ನಾವೆಲ್ಲ ಅಡುಗೆಮನೆಯಲ್ಲಿ ನೋಡಿದ್ದೇವೆ. ಬಿರಿಯಾನಿಗೆಂದು ಉಪ್ಪು ಹಾಕಿ ಅಕ್ಕಿ ಬೇಯಿಸುವಾಗ ನೀರು ಉಕ್ಕಿ ಒಲೆಗೆ ಬಿದ್ದರೆ ಗ್ಯಾಸಿನ ನೀಲಿ ಜ್ವಾಲೆ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂನ ಸಹಿ. ಅದರ ತರಂಗದೂರ ಸುಮಾರು 589 ನ್ಯಾನೋಮೀಟರ್. ಲೋಕದಲ್ಲಿ ಎಲ್ಲೇ ಸೋಡಿಯಂ ಇರಲಿ, ಸಹಿ ಅದೇ.

ಈ ಹಳದಿಯ ಪಕ್ಕದಲ್ಲೇ 587.6ರಲ್ಲಿ ಇನ್ನೊಂದು ಹಳದಿ ಗೆರೆ ಇದೆ. ಅದರ ಕಥೆಯಲ್ಲಿ ನಮ್ಮ ನಾಡೂ ಬರುತ್ತದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ಗುಂಟೂರಿಗೆ ಬಂದಿದ್ದರು. ಅದೇ ದಿನ ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕ ಹಿಡಿದು ನಿಂತಿದ್ದರು. ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೊಳೆಯುವ ಗೆರೆಗಳು ಕಂಡವು. ಹಳದಿ ಗೆರೆಯನ್ನು ಮೊದಲು ಸೋಡಿಯಂ ಎಂದೇ ಎಣಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕ್ಯರ್ ಅಳೆದಾಗ ಅದು ಸೋಡಿಯಂನ ಜಾಗದಿಂದ ಸ್ವಲ್ಪ ಪಕ್ಕಕ್ಕಿತ್ತು. ಅದು ಹೊಸ ಧಾತು ಹೀಲಿಯಂನ ಗೆರೆ. ಭೂಮಿಯ ಮೇಲೆ ಹೀಲಿಯಂ ಸಿಕ್ಕಿದ್ದು 1895ರಲ್ಲಿ. ಒಂದೂವರೆ ನ್ಯಾನೋಮೀಟರ್ ವ್ಯತ್ಯಾಸವನ್ನು 'ಇರಲಿ ಬಿಡಿ' ಎಂದು ಬಿಟ್ಟಿದ್ದರೆ ಒಂದು ಧಾತುವೇ ಕೈತಪ್ಪುತ್ತಿತ್ತು. ತಾಳೆಪಟ್ಟಿಯಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಹುಡುಕಿ ಎಂದು ನಮ್ಮ ಮೇಷ್ಟ್ರು ಹೇಳುವುದು ಸುಮ್ಮನೆ ಅಲ್ಲ.

ಯಾವ ಗೆರೆ ಎಷ್ಟು ಬಿಸಿಯಲ್ಲಿ ಮೂಡುತ್ತದೆ ಎಂಬುದಕ್ಕೆ 1920ರಲ್ಲಿ ಸೂತ್ರ ಕೊಟ್ಟವರು ನಮ್ಮ ದೇಶದ ಮೇಘನಾದ ಸಾಹಾ. ಅವರ ತಂದೆಯದು ಚಿಕ್ಕ ಕಿರಾಣಿ ಅಂಗಡಿ. ಅಂಗಡಿಯವರ ಮಕ್ಕಳಿಗೆ ನಕ್ಷತ್ರ ಯಾಕೆ ಎಂದು ಕೇಳುವವರಿಗೆ ಈ ಒಂದು ಹೆಸರು ಸಾಕು.

6. ಕಾಣದ್ದನ್ನು ತೂಗುವುದು

ಈ ವಿಷಯ ಮನೆಯಲ್ಲಿ ಹೇಳುತ್ತಿದ್ದಾಗ ನಮ್ಮ ದಾದಿ ಒಂದೇ ಪ್ರಶ್ನೆ ಕೇಳಿದರು: "ದಿಕ್ತಾ ಇಚ್ ನೈ ಬೋಲ್ತೆ, ಫಿರ್ ತೋಲೆ ಕೈಸಾ?" ಕಾಣುವುದೇ ಇಲ್ಲ ಅನ್ನುತ್ತಾರೆ, ಮತ್ತೆ ತೂಗಿದ್ದು ಹೇಗೆ? ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಉತ್ತರ ಡಾಪ್ಲರ್ ಪರಿಣಾಮದಲ್ಲಿದೆ. ಆಂಬ್ಯುಲೆನ್ಸ್ ಹತ್ತಿರ ಬರುವಾಗ ಅದರ ಸೈರನ್ ಕೀಚಲು, ದೂರ ಹೋಗುವಾಗ ದಪ್ಪ. ಬೆಳಕಿಗೂ ಹೀಗೆಯೇ. ಹೊಳೆಯುವ ವಸ್ತು ನಮ್ಮ ಕಡೆ ಬಂದರೆ ಗೆರೆ ನೀಲಿಯ ಕಡೆಗೆ ಸರಿಯುತ್ತದೆ, ದೂರ ಹೋದರೆ ಕೆಂಪಿನ ಕಡೆಗೆ. ಎಷ್ಟು ಸರಿಯಿತು ಎಂಬುದರಿಂದ ವೇಗ ಗೊತ್ತಾಗುತ್ತದೆ:

ಗೆರೆ ಸರಿದ ದೂರ ÷ ಗೆರೆಯ ಮೂಲ ಜಾಗ = ವಸ್ತುವಿನ ವೇಗ ÷ ಬೆಳಕಿನ ವೇಗ

ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರ್. ಇದು ನಮ್ಮ ಶೇಕಡಾವಾರು ಲೆಕ್ಕದಷ್ಟೇ ಸುಲಭ.

1989ರ ಭುಗಿಲು ಆರಿದ ಮೇಲೆ ಕಸಾರೆಸ್, ಚಾರ್ಲ್ಸ್ ಮತ್ತು ನೇಲರ್ ಎಂಬ ಮೂವರು ವಿಜ್ಞಾನಿಗಳು ಸ್ಪೇನಿಗೆ ಸೇರಿದ ಲಾ ಪಾಲ್ಮಾ ದ್ವೀಪದ ವಿಲಿಯಂ ಹರ್ಷೆಲ್ ದೂರದರ್ಶಕದಿಂದ ಈ ಜೋಡಿಯನ್ನು ನೋಡಿದರು. ತಟ್ಟೆಯ ಬೆಳಕು ತಗ್ಗಿದಾಗ ಮಾತ್ರ ಜೊತೆಗಾರ ನಕ್ಷತ್ರದ ಕಪ್ಪು ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಅಂಗಡಿಯ ಗದ್ದಲ ಮುಗಿದ ಮೇಲೆ ಲೆಕ್ಕಕ್ಕೆ ಕೂತ ಹಾಗೆ. ಆ ಗೆರೆಗಳು ಸುಮಾರು 6.47 ದಿನಕ್ಕೆ ಒಂದು ಆವರ್ತನೆಯಂತೆ ನೀಲಿಗೂ ಕೆಂಪಿಗೂ ಸರಿದಾಡುತ್ತಿದ್ದವು. 650 ನ್ಯಾನೋಮೀಟರಿನ ಹತ್ತಿರದ ಒಂದು ಗೆರೆ ಆ ಕಡೆ ಈ ಕಡೆ ಸರಿಯುವುದು ಅರ್ಧ ನ್ಯಾನೋಮೀಟರಿಗಿಂತಲೂ ಕಡಿಮೆ. ಅದರಿಂದ ಬಂದ ವೇಗ ಸೆಕೆಂಡಿಗೆ ಸುಮಾರು 208.5 ಕಿಲೋಮೀಟರ್.

ಕವಣೆಗೆ ಕಲ್ಲು ಕಟ್ಟಿ ಕತ್ತಲಲ್ಲಿ ತಿರುಗಿಸುತ್ತಿದ್ದಾರೆ ಎಂದುಕೊಳ್ಳಿ. ಕಲ್ಲಿಗೆ ದೀಪ ಇದೆ, ಕೈ ಕಾಣುವುದಿಲ್ಲ. ಆದರೂ ದೀಪ ಎಷ್ಟು ವೇಗವಾಗಿ, ಎಷ್ಟು ಹೊತ್ತಿಗೆ ಒಂದು ಸುತ್ತು ಬರುತ್ತದೆ ಎಂದು ನೋಡಿ ಕೈಯ ಬಲ ಹೇಳಬಹುದು. ನಕ್ಷತ್ರವನ್ನು ಹಿಡಿದು ತಿರುಗಿಸುವ ಕೈ ಎಂದರೆ ಗುರುತ್ವ. ಆ ಗುರುತ್ವಕ್ಕೆ ತಕ್ಕ ದ್ರವ್ಯರಾಶಿ ಇರಲೇಬೇಕು. ಕೆಪ್ಲರ್ ಮತ್ತು ನ್ಯೂಟನ್‌ರ ನಿಯಮಗಳನ್ನು ಸೇರಿಸಿದರೆ ಈ ಸೂತ್ರ ಬರುತ್ತದೆ:

ಕಾಣದ ವಸ್ತುವಿನ ಕನಿಷ್ಠ ದ್ರವ್ಯರಾಶಿ = (ವೇಗ × ವೇಗ × ವೇಗ × ದಿನಗಳು) ÷ 96.5 ಲಕ್ಷ

ಇಲ್ಲಿ ವೇಗ ಸೆಕೆಂಡಿಗೆ ಕಿಲೋಮೀಟರ್‌ಗಳಲ್ಲಿ, ಉತ್ತರ ಸೂರ್ಯನ ದ್ರವ್ಯರಾಶಿಯ ಲೆಕ್ಕದಲ್ಲಿ. ಮೊಬೈಲ್ ಕ್ಯಾಲ್ಕ್ಯುಲೇಟರ್ ತೆಗೆಯಿರಿ:

208.5 × 208.5 × 208.5 = ಸುಮಾರು 90.6 ಲಕ್ಷ
90.6 ಲಕ್ಷ × 6.47 = ಸುಮಾರು 5.86 ಕೋಟಿ
5.86 ಕೋಟಿ ÷ 96.5 ಲಕ್ಷ = ಸುಮಾರು 6.1

ಅಂದರೆ ಕಾಣದ ವಸ್ತು ಕನಿಷ್ಠ ಪಕ್ಷ 6 ಸೂರ್ಯರಷ್ಟು ಭಾರ. ಕನಿಷ್ಠ ಯಾಕೆ? ಒಂದು, ಕಕ್ಷೆ ನಮಗೆ ಓರೆಯಾಗಿರುವುದರಿಂದ ನಮ್ಮ ಕಡೆಗಿನ ವೇಗ ಮಾತ್ರ ಅಳತೆಗೆ ಸಿಗುತ್ತದೆ, ಪೂರ್ತಿ ವೇಗ ಅದಕ್ಕಿಂತ ಹೆಚ್ಚು. ಎರಡು, ಜೊತೆಗಾರ ನಕ್ಷತ್ರದ ಸ್ವಂತ ಭಾರವನ್ನು ನಾವು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಇವನ್ನೂ ಸೇರಿಸಿದರೆ ಸುಮಾರು 9 ಸೂರ್ಯರಷ್ಟು ಬರುತ್ತದೆ.

ಕನಿಷ್ಠ ಸಂಖ್ಯೆಯೇ ಇಲ್ಲಿ ಮುಖ್ಯ. ಸತ್ತ ನಕ್ಷತ್ರಗಳಲ್ಲಿ ನ್ಯೂಟ್ರಾನ್ ತಾರೆ ಎಂಬುದೊಂದಿದೆ. ಅದು ಸುಮಾರು 3 ಸೂರ್ಯರಾಶಿಗಿಂತ ಹೆಚ್ಚು ಭಾರ ತಾಳಲಾರದು, ಕುಸಿದುಬಿಡುತ್ತದೆ. ಇಲ್ಲಿ ಕನಿಷ್ಠವೇ 6. ಹಾಗಾಗಿ 1992ರಲ್ಲಿ ಈ ಫಲಿತಾಂಶ 'ನೇಚರ್' ಪತ್ರಿಕೆಯಲ್ಲಿ ಬಂದಾಗ ಕಪ್ಪುಕುಳಿಗೆ ಅದು ಬಹಳ ಗಟ್ಟಿ ಪುರಾವೆಯಾಯಿತು. ಯಾರೂ ಕಪ್ಪುಕುಳಿಯ ಫೋಟೋ ತೆಗೆದಿರಲಿಲ್ಲ. ಗೆರೆಗಳ ಓಡಾಟವಷ್ಟೇ ಸಾಕ್ಷಿ. ದಾದಿಗೆ ನಾನು ಇದನ್ನು ಕವಣೆಯ ಉದಾಹರಣೆಯಿಂದಲೇ ಹೇಳಿದೆ. "ಹಾಂ, ಅಬ್ ಸಮ್ಜಾ" ಎಂದರು.

7. ಭುಗಿಲಿನ ದಿನಗಳ ಗೆರೆಗಳು

ಈಗ ಮತ್ತೆ 2015ರ ಜೂನ್‌ಗೆ ಬರೋಣ. ಸ್ವಿಫ್ಟ್‌ನ ಸುದ್ದಿ ಬಂದ ಮೇಲೆ ಮುನ್ಯೋಸ್ ದಾರಿಯಾಸ್ ಮತ್ತು ಜೊತೆಗಾರರು ಅದೇ ಲಾ ಪಾಲ್ಮಾ ದ್ವೀಪದ 10.4 ಮೀಟರ್ ಕನ್ನಡಿಯ ಗ್ರಾನ್ ತೆಲೆಸ್ಕೋಪಿಯೋ ಕನಾರಿಯಾಸ್ ದೂರದರ್ಶಕವನ್ನು ವಿ404ರ ಕಡೆಗೆ ತಿರುಗಿಸಿದರು. ಭುಗಿಲಿನ ಸಮಯದ ರೋಹಿತದಲ್ಲಿ ಏನೇನು ನೋಡಬೇಕು?

ಮೊದಲನೆಯದು ಗೆರೆಯ ಹೆಸರು. ಹೈಡ್ರೋಜನ್ 656.3ರಲ್ಲಿ ಕೆಂಪಾಗಿ ಹೊಳೆಯುತ್ತದೆ. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂ 468.6ರಲ್ಲಿ ನೀಲಿಯಾಗಿ ಹೊಳೆಯುತ್ತದೆ. ಈ ನೀಲಿ ಗೆರೆ ಮೂಡಲು ಬಹಳ ಶಕ್ತಿ ಬೇಕು. ಅದು ಬಲವಾಗಿದ್ದರೆ ಒಳಗಿನ ಎಕ್ಸ್-ರೇ ಹೊರಗಿನ ಅನಿಲದ ಮೇಲೆ ಬಿದ್ದು ಅದನ್ನು ಕಾಯಿಸುತ್ತಿದೆ ಎಂದು ತಿಳಿಯಬೇಕು. ಹೀಗೆ ಎಕ್ಸ್-ರೇ ಕಾಣದ ನೆಲದ ದೂರದರ್ಶಕಕ್ಕೂ ಅದರ ಬಿಸಿ ತಾಗುತ್ತದೆ.

ಎರಡನೆಯದು ಗೆರೆಯ ಆಕಾರ. ತಟ್ಟೆ ತಿರುಗುತ್ತಿರುವಾಗ ಒಂದು ಬದಿಯ ಅನಿಲ ನಮ್ಮ ಕಡೆಗೆ ಬರುತ್ತದೆ, ಇನ್ನೊಂದು ಬದಿಯದು ದೂರ ಹೋಗುತ್ತದೆ. ಆದ್ದರಿಂದ ಒಂದೇ ಗೆರೆ ನೀಲಿ ಕಡೆ ಒಂದು, ಕೆಂಪು ಕಡೆ ಒಂದು ಎಂದು ಎರಡು ಶಿಖರಗಳಾಗಿ ಒಡೆಯುತ್ತದೆ. ಒಂಟೆಯ ಎರಡು ಡುಬ್ಬದ ಹಾಗೆ. ಈ ಡುಬ್ಬಗಳನ್ನು ಕಂಡರೆ ಅಲ್ಲಿ ತಿರುಗುವ ತಟ್ಟೆ ಇದೆ ಎಂದು ತಿಳಿಯಬೇಕು.

ಮೂರನೆಯದೇ ಈ ಲೇಖನದ ಹೃದಯ. ಹೀಲಿಯಂನ ಅದೇ ಹಳದಿ ಗೆರೆ, 587.6, ವಿ404ರಲ್ಲಿ ವಿಚಿತ್ರವಾಗಿ ಕಂಡಿತು. ಅದರ ಜಾಗದಲ್ಲಿ ಹೊಳಪಿತ್ತು, ಆದರೆ ನೀಲಿಯ ಬದಿಗೆ ಒಂದು ಕಪ್ಪು ಹಳ್ಳ ಬಿದ್ದಿತ್ತು. ಸಿಗ್ನಸ್‌ನಲ್ಲೇ ಇರುವ ಪಿ ಸಿಗ್ನಿ ಎಂಬ ಇನ್ನೊಂದು ತಾರೆಯಲ್ಲಿ ಇಂಥ ಆಕಾರ ಪ್ರಸಿದ್ಧ. ಹಾಗಾಗಿ ಇದನ್ನು ಪಿ ಸಿಗ್ನಿ ಆಕಾರ ಎಂದೇ ಕರೆಯುತ್ತಾರೆ.

ಇದರ ಅರ್ಥ ತಿಳಿಯಲು ಮೂರನೆಯ ನಿಯಮಕ್ಕೆ ಹೋಗಿ. ಕಪ್ಪು ಗೆರೆ ಬೇಕಾದರೆ ನಮಗೂ ಬೆಳಕಿಗೂ ನಡುವೆ ತಂಪು ಅನಿಲ ಇರಬೇಕು. ಆ ಗೆರೆ ನೀಲಿಗೆ ಸರಿದಿದೆ, ಅಂದರೆ ಅನಿಲ ನಮ್ಮ ಕಡೆಗೆ ಬರುತ್ತಿದೆ. ನಮ್ಮ ಕಡೆಗೆ ಬರುವುದು ಎಂದರೆ ಕಪ್ಪುಕುಳಿಯಿಂದ ದೂರ ಹೋಗುವುದು. ತಟ್ಟೆಯಿಂದ ಗಾಳಿಯಂತೆ ಅನಿಲ ಹೊರಕ್ಕೆ ಬೀಸುತ್ತಿದೆ!

ವೇಗ ಎಷ್ಟು? ಹಳ್ಳದ ನೀಲಿ ಅಂಚು ಹೆಚ್ಚೆಂದರೆ 581.7ರ ಹತ್ತಿರ ಮುಟ್ಟುತ್ತದೆ. 587.6ರಿಂದ 581.7 ಕಳೆದರೆ 5.9. ಅದು 587.6ರ ಶೇಕಡಾ 1. ಬೆಳಕಿನ ವೇಗದ ಶೇಕಡಾ 1 ಎಂದರೆ ಸೆಕೆಂಡಿಗೆ 3,000 ಕಿಲೋಮೀಟರ್. ಕನ್ಯಾಕುಮಾರಿಯಿಂದ ಕಾಶ್ಮೀರದ ತುದಿಗೆ ಒಂದೇ ಸೆಕೆಂಡಿಗೆ ಹೆಚ್ಚುಕಡಿಮೆ ತಲುಪುವ ವೇಗ.

8. ಲೆಕ್ಕ ತಾಳೆ

ಈಗ ವ್ಯಾಪಾರ ಖಾತೆ ಬರೆಯೋಣ. ಆರಂಭಿಕ ದಾಸ್ತಾನು 26 ವರ್ಷ ತುಂಬಿದ ತಟ್ಟೆ. ವಿ404ರ ಕಕ್ಷೆ ದೊಡ್ಡದು, ಆದ್ದರಿಂದ ತಟ್ಟೆಯೂ ದೊಡ್ಡದು. ಇಷ್ಟು ದೊಡ್ಡ ತಟ್ಟೆಯ ಸರಕು ಪೂರ್ತಿ ಕಪ್ಪುಕುಳಿಗೆ ಹೋಗುವುದಾದರೆ ಭುಗಿಲು ಇನ್ನೂ ಬಹಳ ದಿನ ಉರಿಯಬೇಕಿತ್ತು. ಉರಿದದ್ದು ಸುಮಾರು ಎರಡು ವಾರ. ಎಕ್ಸ್-ರೇ ಪುಸ್ತಕವನ್ನು ಮಾತ್ರ ನೋಡಿದರೆ ಸರಕಿನ ಲೆಕ್ಕ ಸಿಗುವುದಿಲ್ಲ.

ಮಾಮೂಲಿ ಬೆಳಕಿನ ಪುಸ್ತಕದಲ್ಲಿ ಆ ನಮೂದು ಇತ್ತು. ಜೂನ್ ಕೊನೆಯಲ್ಲಿ ಎಕ್ಸ್-ರೇ ದಿಢೀರ್ ಇಳಿದಾಗ ಗೆರೆಗಳಿಗೆ ಎರಡೂ ಬದಿಗೆ ಅಗಲವಾದ ರೆಕ್ಕೆಗಳು ಮೂಡಿದವು. ಅಂದರೆ ಹೊರಗೆ ಹೋದ ಅನಿಲ ಸುತ್ತಲೂ ಹರಡಿ, ತೆಳುವಾಗಿ, ಸ್ವಲ್ಪ ಕಾಲ ಒಂದು ಚಿಕ್ಕ ನೀಹಾರಿಕೆಯಂತೆ ತಾನೇ ಹೊಳೆಯಿತು. ವಿಜ್ಞಾನಿಗಳ ಅಂದಾಜಿನ ಪ್ರಕಾರ ಹಾಗೆ ಹೊರಬಿದ್ದ ಅನಿಲ ಸೂರ್ಯರಾಶಿಯ 10 ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಹೆಚ್ಚು. ಇದು ಚಿಕ್ಕದೆಂದು ತೋರಬಹುದು. ನಮ್ಮ ಚಂದ್ರನ ಕಾಲು ಭಾಗಕ್ಕಿಂತ ಹೆಚ್ಚು ಎಂದರೆ ಅದರ ಪ್ರಮಾಣ ತಿಳಿಯುತ್ತದೆ.

2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಬರೆದ ತೀರ್ಮಾನ ಹೀಗಿದೆ. ಗಾಳಿ ತಟ್ಟೆಯ ಹೊರಭಾಗದ ದೊಡ್ಡ ಪಾಲನ್ನು ಎತ್ತಿಕೊಂಡು ಹೋಯಿತು. ಒಳಭಾಗಕ್ಕೆ ಸರಕು ಬರುವ ದಾರಿ ಕಡಿದುಹೋಯಿತು. ಹಾಗಾಗಿ ಭುಗಿಲು ಅವಧಿಗೆ ಮುಂಚೆಯೇ ಆರಿತು. ಮೊದಲ ಭಾಗದಲ್ಲಿ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಮುಂಬಾಗಿಲಿನಿಂದ ಹೋದದ್ದಕ್ಕೆ ಎಕ್ಸ್-ರೇ ರಸೀದಿ ಕೊಟ್ಟಿತು. ಹಿಂಬಾಗಿಲಿನಿಂದ ಹೋದದ್ದಕ್ಕೆ ಹೀಲಿಯಂನ ಹಳದಿ ಗೆರೆ ರಸೀದಿ ಕೊಟ್ಟಿತು.

ಹಾಗಾದರೆ ಕಪ್ಪುಕುಳಿ ಸಿಕ್ಕಿದ್ದನ್ನೆಲ್ಲ ನುಂಗುತ್ತದೆಯೇ? ಇಲ್ಲ. ತನ್ನ ಬಾಗಿಲಿಗೆ ಬಂದ ಸರಕನ್ನೂ ಅದು ಪೂರ್ತಿ ನುಂಗಲಾರದು. ಭುಗಿಲಿನ ಅಬ್ಬರವೇ ಸರಕನ್ನು ಹೊರಗೆ ತಳ್ಳುತ್ತದೆ.

9. ನಮ್ಮ ಕಡೆ ಈ ಕೆಲಸ ಎಲ್ಲಿ ನಡೆಯುತ್ತದೆ?

ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದರ ಕನ್ನಡಿ 2 ಮೀಟರ್, ರೋಹಿತ ತೆಗೆಯುವ ಉಪಕರಣವೂ ಅದಕ್ಕಿದೆ. ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಖಗೋಳ ವಿಜ್ಞಾನಿಗಳು ಹಾನ್ಲೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ದೂರದರ್ಶಕವನ್ನು ತಿರುಗಿಸುತ್ತಾರೆ.

ಇಸ್ರೋದ ಆಸ್ಟ್ರೋಸ್ಯಾಟ್ ಹಾರಿದ್ದು 2015ರ ಸೆಪ್ಟೆಂಬರ್ 28ರಂದು. ವಿ404ರ ಜೂನ್ ಭುಗಿಲು ಮುಗಿದು ಆಗ ಮೂರು ತಿಂಗಳಾಗಿತ್ತು. ಆದರೆ 2018ರ ಮಾರ್ಚ್‌ನಲ್ಲಿ ಮ್ಯಾಕ್ಸಿ ಜೆ1820+070 ಎಂಬ ಇನ್ನೊಂದು ಜೋಡಿ ಭುಗಿಲೆದ್ದಾಗ ಆಸ್ಟ್ರೋಸ್ಯಾಟ್ ಅದನ್ನು ನೋಡಿತು. ಆ ಜೋಡಿಯನ್ನು ಮೊದಲು ಹಿಡಿದದ್ದು ಎಕ್ಸ್-ರೇ ಉಪಕರಣವಲ್ಲ, ನೆಲದ ಮೇಲಿನ ಚಿಕ್ಕ ದೂರದರ್ಶಕಗಳು. ಎಕ್ಸ್-ರೇ ಸುದ್ದಿ ಬಂದದ್ದು ಐದು ದಿನಗಳ ನಂತರ. ಮುಂದೆ ಅದರಲ್ಲೂ ಪಿ ಸಿಗ್ನಿ ಆಕಾರದ ಹಳ್ಳಗಳು ಕಂಡವು, ಅಂದರೆ ಅಲ್ಲೂ ಗಾಳಿ ಬೀಸುತ್ತಿತ್ತು.

ನೆನಪಿಡಬೇಕಾದ ಅಂಶಗಳು

• ಗೆರೆ ಇರುವ ಜಾಗ ಹೇಳುವುದು: ಅಲ್ಲಿ ಯಾವ ಧಾತು ಇದೆ, ಎಷ್ಟು ಬಿಸಿ ಇದೆ.
• ಗೆರೆಯ ಸರಿದಾಟ ಹೇಳುವುದು: ಜೊತೆಗಾರ ನಕ್ಷತ್ರದ ವೇಗ. ಅದರಿಂದ ಕಾಣದ ವಸ್ತುವಿನ ಭಾರ.
• ಎರಡು ಶಿಖರ ಹೇಳುವುದು: ತಿರುಗುವ ತಟ್ಟೆ.
• ನೀಲಿ ಬದಿಯ ಹಳ್ಳ ಹೇಳುವುದು: ಹೊರಗೆ ಬೀಸುವ ಗಾಳಿ.
• ಎಕ್ಸ್-ರೇ ಮತ್ತು ಮಾಮೂಲಿ ಬೆಳಕು ಎರಡೂ ಇದ್ದರೆ ಮಾತ್ರ ಲೆಕ್ಕ ಪೂರ್ತಿ.

ಅಭ್ಯಾಸ

1. ಮ್ಯಾಕ್ಸಿ ಜೆ1820+070ರ ಜೊತೆಗಾರ ನಕ್ಷತ್ರದ ವೇಗ ಸೆಕೆಂಡಿಗೆ 417.7 ಕಿಲೋಮೀಟರ್, ಸುತ್ತಿನ ಅವಧಿ 0.685 ದಿನ. ಕಾಣದ ವಸ್ತುವಿನ ಕನಿಷ್ಠ ದ್ರವ್ಯರಾಶಿ ಎಷ್ಟು? ಅದು ನ್ಯೂಟ್ರಾನ್ ತಾರೆ ಆಗಿರಲು ಸಾಧ್ಯವೇ?

2. ಹೀಲಿಯಂನ 587.6 ಗೆರೆಯ ಹಳ್ಳ 583.7ರಲ್ಲಿ ಕಂಡರೆ ಗಾಳಿಯ ವೇಗ ಎಷ್ಟು? ಹಳ್ಳ ಕೆಂಪು ಬದಿಗೆ ಬಿದ್ದಿದ್ದರೆ ಏನೆಂದು ತಿಳಿಯಬೇಕಿತ್ತು?

ಉತ್ತರ: ಮೊದಲನೆಯದಕ್ಕೆ ಸುಮಾರು 5.2 ಸೂರ್ಯರಾಶಿ, ನ್ಯೂಟ್ರಾನ್ ತಾರೆ ಸಾಧ್ಯವಿಲ್ಲ. ಎರಡನೆಯದಕ್ಕೆ ಸೆಕೆಂಡಿಗೆ ಸುಮಾರು 2,000 ಕಿಲೋಮೀಟರ್. ಹಳ್ಳ ಕೆಂಪು ಬದಿಗಿದ್ದರೆ ಅನಿಲ ನಮ್ಮಿಂದ ದೂರ, ಅಂದರೆ ಒಳಕ್ಕೆ ಬೀಳುತ್ತಿದೆ ಎಂದರ್ಥ.

ಸೈನ್ಸ್ ವಿಭಾಗದ ಗೆಳೆಯರೇ, ಎರಡನೆಯ ಪ್ರಶ್ನೆಯ ಕೊನೆಯ ಭಾಗಕ್ಕೆ ಚಿತ್ರ ಬರೆದು ಮುಂದಿನ ಸಂಚಿಕೆಗೆ ಕಳಿಸಿ. ವಾಣಿಜ್ಯ, ಕಲಾ ವಿಭಾಗದವರೇ, ಮೊದಲನೆಯ ಪ್ರಶ್ನೆಗೆ ಗುಣಾಕಾರ, ಭಾಗಾಕಾರ ಬಿಟ್ಟು ಬೇರೇನೂ ಬೇಕಿಲ್ಲ. ಇನ್ನು ಮುಂದೆ ಯಾರಾದರೂ ಕಪ್ಪುಕುಳಿಯ ವಿಡಿಯೋ ಕಳಿಸಿದರೆ ಫಾರ್ವರ್ಡ್ ಮಾಡುವ ಮೊದಲು ಒಂದು ಮಾತು ಕೇಳಿ: ಇದಕ್ಕೆ ವೋಚರ್ ಎಲ್ಲಿ?